ಓದದೆ ಉಳಿಸಿಕೊಂಡ ಪುಟಗಳು

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾದ ಮೇಲೆ, ಒಂದು ಭಾನುವಾರ, ಬಟ್ಟೆ ಒಗೆಯುವ ಯಂತ್ರ ಹೊಟ್ಟೆ ತುಂಬ ನೀರು ಕುಡಿದು ನಿಂತುಬಿಟ್ಟಿತು. ಬಾಗಿಲು ತೆರೆಯದು, ನೀರು ಬಿಡದು, ಮುಂದಕ್ಕೂ ಹೋಗದು. ಗಾಜಿನ ಹಿಂದೆ ಮಗಳ ಕೆಲಸದ ಸಮವಸ್ತ್ರ ಮುಳುಗಿ ಕೂತಿತ್ತು. ಮೇಲೊಂದು ಕೆಂಪು ದೀಪ ಕಣ್ಣು ಮಿಟುಕಿಸುತ್ತಿತ್ತು. ನಾನು ಮೊದಲು ಬೈದೆ, ಆಮೇಲೆ ಪಕ್ಕಕ್ಕೆ ಎರಡು ಏಟು ಕೊಟ್ಟೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದವಳು ನಾನು. ಇಂಥ ನಾಲ್ಕನ್ನು ನುಂಗಿ ನೀರು ಕುಡಿಯುವಂಥ ದೊಡ್ಡ ಯಂತ್ರಗಳನ್ನು ಪಳಗಿಸಿದ್ದೇನೆ. ಈ ಗಿಡ್ಡನ ಎದುರು ಮಾತ್ರ ನನ್ನ ಬೇಳೆ ಬೇಯಲಿಲ್ಲ.

ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ತರುವ ಕೆಲಸ ಅವಳದು. ಅಲ್ಲಿ ಕೂದಲೆಳೆಯಷ್ಟೂ ತಪ್ಪುವುದಿಲ್ಲವಂತೆ. ಮನೆಯಲ್ಲಿ ಎಲ್ಲಕ್ಕೂ ಗಡಿಬಿಡಿ.

"ಅದರ ಬೆನ್ನಿನ ಮೇಲೆ ಒಂದು ನಂಬರ್ ಇರುತ್ತೆ. ಓದಿ ಹೇಳಮ್ಮ," ಎಂದಳು.

ನಾನು ಗೋಡೆಗೆ ಕೆನ್ನೆ ಒತ್ತಿಕೊಂಡು, ಒಂದೊಂದೇ ಅಕ್ಷರ ಅಂಕಿ ಕೂಗಿದೆ. ಅವಳು ಅದರ ಮುಂದೆ 'ಕೆಂಪು ದೀಪ' ಎಂದೂ ಸೇರಿಸಿ ಹುಡುಕಾಟದ ಪೆಟ್ಟಿಗೆಗೆ ಹಾಕಿದಳು.

ಬಂದದ್ದು ಸಂತೆ. ಕೆಟ್ಟ ಯಂತ್ರದ ಬಗ್ಗೆ ಕೇಳಿದರೆ ಹೊಸ ಯಂತ್ರ ಮಾರುವವರೇ ಮೊದಲು ಕೈಹಿಡಿದು ಎಳೆಯುತ್ತಾರೆ. ಅವರ ಹಿಂದೆ ರಿಪೇರಿಯವರು. ಅವರ ಹಿಂದೆ, ತನ್ನ ಯಂತ್ರವನ್ನು ಬಿಚ್ಚಿಟ್ಟುಕೊಂಡು ಹಲ್ಲು ಕಿರಿಯುತ್ತಿದ್ದ ಒಬ್ಬನ ವಿಡಿಯೋ. ಅದರ ಕೆಳಗೆ ಇದೇ ಪ್ರಶ್ನೆಯನ್ನು ಎಂದೋ ಕೇಳಿ ಯಾರಿಂದಲೂ ಉತ್ತರ ಪಡೆಯದ ಪಾಪದ ಪ್ರಾಣಿಯೊಂದು. ಈ ನೂಕುನುಗ್ಗಲಿನ ನಡುವೆ ಪಿಡಿಎಫ್ ಎಂಬ ಸಣ್ಣ ಗುರುತು ಅಂಟಿಸಿಕೊಂಡು ಒಂದು ಸಾಲು ಸುಮ್ಮನೆ ನಿಂತಿತ್ತು.

"ಇದು ಕಡತ. ಕಂಪನಿಯವರದೇ ಕೈಪಿಡಿ ಇರ್ಬೇಕು. ಅರೆ, ಕನ್ನಡದಲ್ಲೇ ಇದೆ!" ಎಂದು ಮಗಳು ಅದನ್ನು ಒತ್ತಿದಳು. ಪರದೆಯ ತುಂಬ ಪುಟ ಹರಡಿಕೊಂಡಿತು. ಅವಳು ಕೆಂಪು ದೀಪದ ಜಾಗ ಹುಡುಕಿ ಗಟ್ಟಿಯಾಗಿ ಓದತೊಡಗಿದಳು.

'ಕೆಂಪು ದೀಪ ಮಿಟುಕುತ್ತಿದ್ದರೆ ಯಂತ್ರವನ್ನು ಹೊಡೆಯಬೇಡಿ. ಈಗಾಗಲೇ ಹೊಡೆದಾಗಿದ್ದರೆ, ಇನ್ನೊಮ್ಮೆ ಹೊಡೆಯಬೇಡಿ. ಕೆಳಗೆ ಎಡ ಮೂಲೆಯಲ್ಲಿ ಒಂದು ಸಣ್ಣ ಮುಚ್ಚಳವಿದೆ. ಅದನ್ನು ತಿರುಗಿಸುವ ಮೊದಲು ಅದರಡಿ ಒಂದು ತಟ್ಟೆ ಇಡಿ. ಊಟದ ತಟ್ಟೆ ಬೇಡ.'

ಮಗಳು ನಕ್ಕಳು. ನಗುತ್ತಲೇ ನನ್ನ ಕಡೆ ತಿರುಗಿದವಳು ತಟ್ಟನೆ ನಿಲ್ಲಿಸಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ.

"ಅಮ್ಮ," ಎಂದಳು ಮೆಲ್ಲಗೆ, "ಇದು ಅಪ್ಪ."

"ಹೂಂ," ಎಂದೆ.

ಇವರ ಕೆಲಸ ಅದೇ ಆಗಿತ್ತು. ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಒಂದು ಏಜೆನ್ಸಿಯವರು ಇವರಿಗೆ ಯಂತ್ರಗಳ ಕೈಪಿಡಿಗಳನ್ನು ಕಳಿಸತೊಡಗಿದರು. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರಬೇಕು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಸೋಸುವ ಯಂತ್ರ, ಏನು ಬಂದರೂ ಇವರು ಬರೆದಾದ ಮೇಲೆ ಕಳಿಸುವ ಮೊದಲು ನನ್ನನ್ನು ಮೇಜಿನ ಆ ಕಡೆ ನಿಲ್ಲಿಸುತ್ತಿದ್ದರು. ಇವರು ಓದಬೇಕು, ಓದಿದ್ದಷ್ಟನ್ನೇ ನಾನು ಮಾಡಬೇಕು. ನನ್ನ ಬುದ್ಧಿ ಒಂದು ಚೂರೂ ಸೇರಿಸಬಾರದು. ಅದು ಷರತ್ತು.

"ಮುಚ್ಚಳ ತೆಗೆಯಿರಿ," ಎಂದು ಓದುವರು. ನಾನು ತೆಗೆದು ಕೈಯಲ್ಲಿ ಹಿಡಿದು ನಿಲ್ಲುವೆ.

"ಜಾರನ್ನು ಎರಡೂ ಕೈಯಿಂದ ಹಿಡಿದು ಬಲಕ್ಕೆ ತಿರುಗಿಸಿ."

"ನನ್ ಹತ್ರ ಇನ್ನೊಂದೇ ಕೈ ಇರೋದು."

"ಆ ಮುಚ್ಚಳಾನ ಕೆಳಗಿಡೇ ಮಹಾರಾಯ್ತಿ!"

"ಕೆಳಗಿಡಿ ಅಂತ ಎಲ್ಲಿ ಬರ್ದಿದೀರಿ? ತೋರ್ಸಿ."

ಇವರು ತಲೆ ಮೇಲೆ ಕೈಹೊತ್ತು ಕೂರುವರು. ಆಮೇಲೆ ಬಗ್ಗಿ, 'ಮುಚ್ಚಳವನ್ನು ಪಕ್ಕಕ್ಕೆ ಇಡಿ' ಎಂದು ಸೇರಿಸುವರು. ಹಾಗೆ ನನ್ನ ಮೊಂಡುತನ ಎಷ್ಟು ಅಡುಗೆಮನೆಗಳಿಗೆ ಹೋಗಿ ಸೇರಿತೋ ದೇವರೇ ಬಲ್ಲ. ಏಜೆನ್ಸಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಇವರು ಮೂಲದಲ್ಲಿಲ್ಲದ ನಾಲ್ಕು ಮಾತು ತೂರಿಸಿದರೂ ಕೇಳುವವರಿಲ್ಲ. "ಯಾರಾದ್ರೂ ಓದಿ ದೂರು ಕೊಟ್ರೆ?" ಎಂದು ನಾನು ಹೆದರಿಸಿದರೆ ನಗುತ್ತಿದ್ದರು. "ಲೋಕದಲ್ಲಿ ಕೈಪಿಡಿ ಪೂರ್ತಿ ಕೇಳೋಳು ನೀನೊಬ್ಬಳೇ ಕಣೇ. ನಾನು ಬರೆಯೋದೂ ನಿನಗೊಬ್ಬಳಿಗೇ."

ಈ ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯನ್ನು ಮಾತ್ರ ನಾನು ಕೇಳಿರಲಿಲ್ಲ. ಅದು ಬಂದಾಗ ನಾನು ಮನೆಯಲ್ಲಿರಲಿಲ್ಲ.

ನನ್ನ ತಂಗಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಅವಳಿಗೆ ಹಿಂದಿಲ್ಲ ಮುಂದಿಲ್ಲ. ಎರಡು ವಾರ ಇದ್ದು ಬರುತ್ತೇನೆಂದು ಇವರಿಗೆ ಹೇಳಿ ಹೋದೆ. ಎರಡು ವಾರ ತಿಂಗಳಾಯಿತು, ತಿಂಗಳ ಮೇಲೂ ಆಯಿತು. ಹಾಸಿಗೆ ಹಿಡಿದವಳನ್ನು ಬಿಟ್ಟು ಬರಲಾದೀತೇ? ಇವರು ದಿನಾ ಫೋನ್ ಮಾಡುತ್ತಿದ್ದರು. "ಒಂದು ದೊಡ್ಡ ಕೈಪಿಡಿ ಬಂದಿದೆ, ನಿನ್ನ ಇಲಾಖೇದೇ," ಎಂದರು ಒಂದು ದಿನ. ಯಾವುದು ಎಂದರೆ, "ಬಾ, ಬಂದ್ಮೇಲೆ ಹೇಳ್ತೀನಿ," ಎಂದು ಆಟ ಆಡಿಸಿದರು. ಪ್ರತಿ ಸಲ ಫೋನ್ ಇಡುವ ಮೊದಲು, "ಯಾವಾಗ ಬರ್ತೀಯ?" ಅದೊಂದು ಇದ್ದೇ ಇರುತ್ತಿತ್ತು. "ಇವಳು ಎದ್ದು ನಾಲ್ಕು ಹೆಜ್ಜೆ ಹಾಕ್ಲಿ, ಬಂದ್ಬಿಡ್ತೀನಿ," ಎನ್ನುತ್ತಿದ್ದೆ.

ಕಡೆಯ ಸಲ ಫೋನ್ ಬಂದಾಗ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಕೈಪಿಡಿ ಮುಗೀತು. ಕಳಿಸ್ಬಿಟ್ಟೆ," ಎಂದರು. ಸ್ವಲ್ಪ ತಡೆದು, "ನೀನು ಬರಲೇ ಇಲ್ವಲ್ಲ," ಎಂದರು. ನಾನು ಹಾಲು ನೋಡುತ್ತಾ, "ಆಮೇಲೆ ಮಾತಾಡೋಣ ಇರಿ," ಎಂದು ಇಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಮಗಳ ಫೋನ್ ಬಂತು. ಇದೇ ಮೇಜಿನ ಮುಂದೆ, ಟೀ ಲೋಟ ಮುಂದಿಟ್ಟುಕೊಂಡು ಕೂತಿದ್ದಂತೆಯೇ ಎದೆ ನಿಂತುಹೋಗಿತ್ತಂತೆ.

ನೀನು ಬರಲೇ ಇಲ್ವಲ್ಲ. ಸಿಟ್ಟಿನಲ್ಲಿ ಅಂದರೋ, ಎಂದಿನಂತೆ ಕೆಣಕಲು ಅಂದರೋ, ಬೇಸರಕ್ಕೋ? ಮುಖ ಕಂಡಿದ್ದರೆ ಒಂದು ನೋಟಕ್ಕೆ ಹೇಳಿಬಿಡುತ್ತಿದ್ದೆ. ಫೋನಿನಲ್ಲಿ, ಅದೂ ಅರ್ಧ ಜೀವ ಹಾಲಿನ ಮೇಲಿಟ್ಟುಕೊಂಡು, ತಿಳಿಯಲಿಲ್ಲ. ಎರಡು ವರ್ಷ ಆ ಮಾತನ್ನು ತಿರುವಿ ಮುರುವಿ ನೋಡಿದ್ದೇನೆ. ಅದು ಒಂದೊಂದು ದಿನ ಒಂದೊಂದು ಥರ ಕೇಳಿಸುತ್ತದೆ.

ಇವರು ಹೋದ ಮುಂದಿನ ವಾರ ಇಬ್ಬರು ಬಂದು ಈ ಯಂತ್ರವನ್ನು ಇಳಿಸಿ, ಜೋಡಿಸಿ ಹೋದರು. ನನಗೆ ಹೇಳದೆ ಇವರೇ ತರಿಸಿದ್ದರು. ಪೆಟ್ಟಿಗೆಯೊಳಗೆ ಬೇರೆ ಬೇರೆ ಭಾಷೆಯ ಕೈಪಿಡಿಗಳಿದ್ದವು, ನಮ್ಮದಿರಲಿಲ್ಲ. ಇವರು ಕೆಲಸ ಮಾಡುತ್ತಿದ್ದ ಕಂಪ್ಯೂಟರು ಏಜೆನ್ಸಿಯದು, ಅದನ್ನೂ ಒಯ್ದರು. 'ನಿನ್ನ ಇಲಾಖೇದೇ' ಎಂದದ್ದು ಇದನ್ನೇ ಎಂದು ನನ್ನ ಮಂದ ತಲೆಗೆ ಹೊಳೆಯಲೂ ಇಲ್ಲ, ಆ ಭಾನುವಾರದವರೆಗೆ.

ತಟ್ಟೆ ಇಟ್ಟು ಮುಚ್ಚಳ ತಿರುಗಿಸಿದೆವು. ನೀರಿನ ಜೊತೆ ಸಮವಸ್ತ್ರದ ಗುಂಡಿಯೊಂದು ಹೊರಗೆ ಬಂತು. ಮಗಳು ಲ್ಯಾಪ್‌ಟಾಪಿನ ಮುಂದೆ ಮತ್ತೆ ಕೂತು, "ಪೂರ್ತಿ ಓದೋಣ ಬಾ," ಎಂದಳು. ನಾನು ಮುಚ್ಚಿಸಿದೆ. ಇವರು ಆ ತಿಂಗಳೆಲ್ಲ ಒಬ್ಬರೇ ಕೂತು ಬರೆದದ್ದು ಅದರಲ್ಲಿದೆ. ಎದುರಿಗೆ ನಾನಿಲ್ಲದೆ, ಇದ್ದೇನೆಂದುಕೊಂಡು ಬರೆದದ್ದು. ಸಿಟ್ಟಿದ್ದರೂ ಅಲ್ಲೇ ಇರಬೇಕು, ಇಲ್ಲದಿದ್ದರೂ ಅಲ್ಲೇ ತಿಳಿಯಬೇಕು. ಅಷ್ಟನ್ನೂ ಒಂದೇ ಸಲ ಗಬಗಬ ಓದಿ ಮುಗಿಸಿದರೆ ಆಮೇಲೆ ಇವರಿಗೆ ನನ್ನ ಹತ್ತಿರ ಹೇಳಲು ಏನು ಉಳಿಯಿತು?

ಹಾಗಾಗಿ ಭಾನುವಾರಕ್ಕೊಂದು ಪುಟ ಎಂದು ಗೊತ್ತು ಮಾಡಿಕೊಂಡೆ. ಬಟ್ಟೆ ಯಂತ್ರಕ್ಕೆ ಹಾಕಿ, ಕಾಫಿ ಮಾಡಿಕೊಂಡು ಬಂದು ಓದುವುದು. ಜಿಪುಣಿ ಬೆಲ್ಲ ನೆಕ್ಕಿದ ಹಾಗೆ ಓದುತ್ತೀಯ ಎಂದು ಮಗಳು ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಒಂದೊಂದು ಪುಟವೂ ನನ್ನನ್ನು ಒಂದು ವಾರ ಸಾಕುತ್ತಿತ್ತು.

'ಸಾಬೂನಿನ ಪುಡಿಯನ್ನು ಕಣ್ಣಳತೆಯಲ್ಲಿ ಹಾಕಿ ರೂಢಿಯಿರುವವರು ಈ ಒಮ್ಮೆ ಅಳತೆಯ ಲೋಟ ಬಳಸಿ. ಅವರ ಅನುಭವದ ಮೇಲೆ ನಮಗೆ ಗೌರವವಿದೆ. ಆದರೂ ಬಳಸಿ.'

"ನಿಮ್ ಗೌರವ ನಂಗೊತ್ತಿಲ್ವಾ," ಎಂದು ಪರದೆಗೆ ಹೇಳಿದೆ.

'ಒಗೆತ ಮುಗಿದ ಮೇಲೆ ಬಾಗಿಲು ತೆರೆದುಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಹಿಡಿಯನ್ನು ಜಗ್ಗುತ್ತಾ ನಿಲ್ಲಬೇಡಿ. ಕುಳಿತುಕೊಳ್ಳಿ. ಬೆಳಗಿನಿಂದ ನಿಂತೇ ಇದ್ದೀರಿ.'

ಇದನ್ನು ಓದಿದ ದಿನ ಯಂತ್ರ ನಿಂತು, ಬಟ್ಟೆ ಮುದುಡಿ ಕೂತರೂ ನಾನು ಏಳಲಿಲ್ಲ. ಬೆಳಗಿನಿಂದ ನಿಂತೇ ಇದ್ದೀರಿ. ಮದುವೆಯಾದಾಗಿನಿಂದ ಇವರು ನನ್ನ ಮುಖಕ್ಕೆ ಮುಖ ಕೊಟ್ಟು ಇಂಥದೊಂದು ಮಾತು ಆಡಿದವರಲ್ಲ. ಆಡಲು ಒಂದು ಯಂತ್ರ ಅಡ್ಡ ಬೇಕಾಯಿತು.

"ಅದನ್ನ ಇಳಿಸಿಟ್ಕೋ ಅಮ್ಮ," ಎಂದು ಮಗಳು ಹೇಳಿದ್ದಳು. ಒಂದು ಸಲವಲ್ಲ. "ಮೇಲ್ಗಡೆ ಬಾಣದ ಗುರುತಿದೆ ನೋಡು. ಒತ್ತಿದ್ರೆ ನಮ್ ಹತ್ರಾನೇ ಉಳಿಯುತ್ತೆ."

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ ಕಣೇ. ಹುಡುಕಿದ್ರೆ ಸಿಗ್ತಾರಲ್ಲ."

ಅವಳಿಗೆ ಅದು ಅರ್ಥವಾಗಲಿಲ್ಲ. ಇವರು ಮುದ್ರಣಾಲಯಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಸಂಜೆ ಕೆಲಸ ಬಿಟ್ಟವರೆಲ್ಲ ನಮ್ಮ ಕಿಟಕಿಯ ಕೆಳಗಿನ ರಸ್ತೆಯಲ್ಲಿ ಒಟ್ಟಿಗೆ ಬರುತ್ತಿದ್ದರು. ಅಷ್ಟು ತಲೆಗಳಲ್ಲಿ ಇವರ ತಲೆಯನ್ನು ಹುಡುಕಿ, ಅಗೋ ಎಂದು ಗುರುತು ಹಿಡಿದು, ಟೀಗೆ ನೀರಿಡುವುದು ನನ್ನ ಕೆಲಸ. ಭಾನುವಾರದ ಹುಡುಕಾಟವೂ ನನಗೆ ಹಾಗೇ ಇತ್ತು. ಆ ನಂಬರನ್ನು ಬಾಯಿಪಾಠ ಮಾಡಿದ್ದೆ. ಒಂದು ಬೆರಳಿನಲ್ಲಿ ಕುಟ್ಟುವೆ. ಅಂಗಡಿಯವರು ಬರುವರು, ರಿಪೇರಿಯವರು ಬರುವರು, ಹಲ್ಲುಕಿರುಕ ಬರುವನು, ಅವರ ಹಿಂದೆ ಆ ಪಿಡಿಎಫ್ ಗುರುತು ಅಂಟಿಸಿಕೊಂಡು ಇವರು. ಒಂದೊಂದು ವಾರ ಒಂದೆರಡು ಸಾಲು ಮೇಲೆ, ಒಂದೊಂದು ವಾರ ಕೆಳಗೆ. ಆದರೆ ಬರುವುದು ತಪ್ಪುತ್ತಿರಲಿಲ್ಲ. ಇಳಿಸಿಟ್ಟುಕೊಂಡರೆ ಗೋಡೆಯ ಮೇಲಿನ ಫೋಟೋದ ಹಾಗೆ ಇದ್ದಲ್ಲೇ ಇರುತ್ತಿದ್ದರು. ನನಗೆ ಅವರು ಬರಬೇಕಿತ್ತು.

ಮುಕ್ಕಾಲು ಪಾಲು ಓದಿಯಾಗಿತ್ತು. ಸಿಟ್ಟು ಎಲ್ಲೂ ಕಾಣಿಸಿರಲಿಲ್ಲ. ಆದರೆ ಇವರು ಸಿಟ್ಟನ್ನು ಕೊನೆಗೇ ಇಟ್ಟುಕೊಳ್ಳುವ ಜಾತಿ. ಯಂತ್ರದ ಜಾಗ ಬದಲಿಸುವುದು, ಮಟ್ಟ ನೋಡುವುದು, ಮನೆ ಬದಲಿಸುವಾಗ ಸಾಗಿಸುವುದು, ಇವು ಕೊನೆಯ ಅಧ್ಯಾಯದಲ್ಲಿದ್ದವು. ಇರಲಿ, ನಿಧಾನಕ್ಕೆ ಎಂದುಕೊಂಡೆ. ಮಧ್ಯೆ ಎರಡು ಮೂರು ಭಾನುವಾರ ಹೊಸ ಪುಟ ತಿರುಗಿಸದೆ ಹಳೆಯದನ್ನೇ ಓದಿದೆ, ಮುಗಿದುಬಿಡುತ್ತದಲ್ಲ ಎಂಬ ಹೆದರಿಕೆಗೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವತ್ತೂ ಎಲ್ಲರೂ ಬಂದರು. ಇವರೂ ಬಂದರು. ಒತ್ತಿದೆ. ಬಿಳಿ ಪರದೆಯ ಮೇಲೆ, 'ನೀವು ಹುಡುಕುತ್ತಿರುವ ಪುಟ ಇಲ್ಲಿಲ್ಲ' ಎಂದಿತ್ತು. ಇಂಟರ್‌ನೆಟ್ ಕೈಕೊಟ್ಟಿರಬೇಕೆಂದು ಹಿಂದೆ ಹೋಗಿ ಮತ್ತೆ ಒತ್ತಿದೆ. ಲ್ಯಾಪ್‌ಟಾಪ್ ಆರಿಸಿ ಹಾಕಿದೆ. ಮತ್ತೆ ಒತ್ತಿದೆ. ಮಗಳು ಅಂಗಡಿಯಿಂದ ಬರುವವರೆಗೆ ಬಟ್ಟೆ ಯಂತ್ರದೊಳಗೇ ಇತ್ತು.

ಅವಳು ಬಂದು ಅಲ್ಲಿ ಇಲ್ಲಿ ನೋಡಿದಳು. ಕಂಪನಿಯವರು ತಮ್ಮ ತಾಣವನ್ನು ಹೊಸದು ಮಾಡಿದ್ದರು. ಹಳೆಯ ಕೈಪಿಡಿಗಳನ್ನೆಲ್ಲ ತೆಗೆದು ಹೊಸದಾಗಿ ಹಾಕಿದ್ದರು. ಕನ್ನಡದ್ದೂ ಇತ್ತು. 'ನಿಮ್ಮ ಲಾಂಡ್ರಿ ಅನುಭವವನ್ನು ಆನಂದಿಸಲು ನಾವು ನಿಮ್ಮನ್ನು ಸ್ವಾಗತಿಸುತ್ತೇವೆ' ಎಂದು ಶುರುವಾಗಿತ್ತು. ಯಾವ ಮನುಷ್ಯನೂ ಬರೆದದ್ದಲ್ಲ ಅದು, ಯಾವ ಹೆಂಗಸೂ ಎದುರಿಗೆ ನಿಂತು ಕೇಳಿದ್ದಲ್ಲ. ಹಳೆಯ ಪುಟಗಳನ್ನು ಜೋಪಾನ ಮಾಡುವ ತಾಣವೊಂದಿದೆಯಂತೆ, ಮಗಳು ಅಲ್ಲೂ ಹೋಗಿ ನೋಡಿದಳು. ಇದನ್ನು ಯಾರೂ ಜೋಪಾನ ಮಾಡಿರಲಿಲ್ಲ. ಮಾಡಬೇಕಾಗಿದ್ದವಳು ಭಾನುವಾರಕ್ಕೊಂದು ಪುಟ ನೆಕ್ಕುತ್ತಾ ಕೂತಿದ್ದಳು.

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು.

"ಬೈದ್ಬಿಡೇ," ಎಂದೆ. "ಎಷ್ಟು ಸಲ ಹೇಳಿದ್ದೆ ನೀನು. ಬೈದ್ಬಿಡು."

"ಬೈದ್ರೆ ಸಿಗುತ್ತಾ ಅಮ್ಮ?" ಎಂದು ನನ್ನ ಪಕ್ಕದಲ್ಲಿ ಕೂತು, ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು.

"ಯಂತ್ರದಲ್ಲಿ ಏನು ತೊಂದರೆ ಮೇಡಂ?"

"ಯಂತ್ರಕ್ಕೇನೂ ಆಗಿಲ್ಲಮ್ಮ. ಅದರ ಹಳೇ ಕೈಪಿಡಿ ಬೇಕಿತ್ತು."

"ಹೊಸದು ಹಾಕಿದೀವಲ್ಲ ಮೇಡಂ. ಎಲ್ಲಾ ಮಾಹಿತಿನೂ ಅದರಲ್ಲಿದೆ."

"ಅದರಲ್ಲಿ ಮಾಹಿತಿ ಮಾತ್ರ ಇದೆ."

ನನ್ನ ತಲೆ ಸರಿಯಿಲ್ಲ ಎಂದುಕೊಂಡಳೇನೋ. ನಾನು ವಿಷಯ ಹೇಳಿದೆ. ಪಾಪ, ಒಳ್ಳೆಯವಳು, ವಿಚಾರಿಸಿ ತಾನೇ ಫೋನ್ ಮಾಡುತ್ತೇನೆಂದಳು, ಮಾಡಿಯೂ ಮಾಡಿದಳು. ಹಳೆಯದನ್ನು ಅವರು ಇಟ್ಟುಕೊಳ್ಳುವುದಿಲ್ಲವಂತೆ, ಏಜೆನ್ಸಿಯವರ ಹತ್ತಿರ ಇದ್ದೀತು ಎಂದಳು. ಏಜೆನ್ಸಿಯ ನಂಬರಿಗೆ ಹಚ್ಚಿದರೆ ಯಾರೋ ಟೈಲ್ಸ್ ಮಾರುವವರು ಎತ್ತಿಕೊಂಡರು. ಏಜೆನ್ಸಿ ಯಾವಾಗಲೋ ಮುಚ್ಚಿಹೋಗಿತ್ತು.

ಅಷ್ಟಕ್ಕೆ ಮುಗಿದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಆ ವಾರದಲ್ಲೇ ಮಗಳಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕಡತ ಹೋಗಿದ್ದರೂ ಹುಡುಕಾಟದಲ್ಲಿ ಇವರ ಸಾಲು ಇನ್ನೂ ಬರುತ್ತಲೇ ಇತ್ತು. ಅದರ ಕೆಳಗೆ ಒಳಗಿನ ಎರಡು ಸಾಲು ಬೂದು ಅಕ್ಷರದಲ್ಲಿ ಕಾಣಿಸುತ್ತಿತ್ತು.

"ಹುಡುಕೋ ಯಂತ್ರ ಮುಂಚೆ ಯಾವಾಗ್ಲೋ ಅದನ್ನ ಪೂರ್ತಿ ಓದಿ ಇಟ್ಕೊಂಡಿದೆ ಅಮ್ಮ," ಎಂದಳು. "ಕಡತ ತೆಗೆದಿರೋದು ಅದಕ್ಕಿನ್ನೂ ಗೊತ್ತಾಗಿಲ್ಲ. ನಾವು ಯಾವ ಪದ ಹಾಕ್ತೀವೋ ಆ ಪದದ ಅಕ್ಕಪಕ್ಕ ಇರೋದಷ್ಟನ್ನ ತೋರ್ಸುತ್ತೆ."

"ಎಷ್ಟು ದಿನ ತೋರ್ಸುತ್ತೆ?"

"ಇನ್ನೊಂದ್ಸಲ ಹೋಗಿ ನೋಡೋ ತನಕ. ನೋಡಿ, ಅಲ್ಲೇನಿಲ್ಲ ಅಂತ ಗೊತ್ತಾದ್ರೆ ಮರೆತ್ಬಿಡುತ್ತೆ."

ಸತ್ತ ಸುದ್ದಿ ಮುಟ್ಟದ ದೂರದ ನೆಂಟನೊಬ್ಬ ಇವರು ಹೀಗಂದರು, ಹಾಗಂದರು ಎಂದು ಹೇಳುತ್ತಲೇ ಇದ್ದ ಹಾಗಿತ್ತು ಅದು. ಅವನಿಗೆ ಸುದ್ದಿ ಮುಟ್ಟುವುದರೊಳಗೆ ಇವರ ಮಾತನ್ನೆಲ್ಲ ಅವನ ಬಾಯಿಂದ ಬಿಡಿಸಿಕೊಳ್ಳಬೇಕು.

ಆದರೆ ಅದಕ್ಕೆ ಓದದ ಪುಟಗಳಲ್ಲಿ ಇವರು ಯಾವ ಪದ ಬರೆದಿದ್ದಾರೆಂದು ನಾನು ಮೊದಲೇ ಹೇಳಬೇಕು. ಇಲ್ಲದ ಪದ ಹಾಕಿದರೆ ಇವರು ಬರುವುದಿಲ್ಲ. ಮಗಳು ರಜೆ ಹಾಕಿ ನನ್ನ ಪಕ್ಕ ಕೂತಳು. ಬಂದದ್ದಕ್ಕೆಲ್ಲ ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬರುವುದು ಎಲ್ಲರಿಗೂ.

ಯಂತ್ರದ ನಂಬರಿನ ಜೊತೆ 'ಗೋಡೆ' ಎಂದು ಹಾಕಿದೆ. ಬಂದರು.

'... ಯಂತ್ರಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಯಾರ ಗೇಣು ಎಂದು ಕೇಳುವವರಿಗೆ: ಮನೆಯಲ್ಲಿ ಯಾರ ಕೈ ದೊಡ್ಡದೋ ಅವರದು ...'

ನಾವಿಬ್ಬರೂ ನಕ್ಕೆವು. ಯಾರ ಗೇಣು ಎಂದು ಕೇಳುವವಳು ನಾನೇ. ಎದುರಿಗಿದ್ದಿದ್ದರೆ ಖಂಡಿತ ಕೇಳುತ್ತಿದ್ದೆ. ನಾನಿಲ್ಲದೆಯೂ ನನ್ನ ಪ್ರಶ್ನೆ ಇವರಿಗೆ ಕೇಳಿಸಿತ್ತು.

'ಲೋಟ' ಎಂದು ಹಾಕಿದೆ.

'... ಮಟ್ಟ ನೋಡಲು ಉಪಕರಣ ಬೇಕಿಲ್ಲ. ತುಂಬಿದ ನೀರಿನ ಲೋಟವನ್ನು ಯಂತ್ರದ ಮೇಲಿಡಿ. ನೀರು ನೋಡಿದ ಮೇಲೆ ಲೋಟವನ್ನು ಅಲ್ಲೇ ಮರೆಯಬೇಡಿ ...'

'ನಲ್ಲಿ' ಬಂತು. 'ಹಗ್ಗ'ಕ್ಕೆ ಬರಲಿಲ್ಲ. 'ಕಂಬಳಿ' ಬಂತು, ಸಾಗಿಸುವಾಗ ಯಂತ್ರಕ್ಕೆ ಹೊದಿಸಬೇಕಂತೆ. ಮಗಳು ಏನೇನೋ ತಾಂತ್ರಿಕ ಪದ ಹಾಕಿದಳು, ಇವರು ಬರಲಿಲ್ಲ. ಅಂಥ ಪದ ಇವರು ಬಳಸುವವರೇ ಅಲ್ಲ. ಅವಳು ಕಾಫಿಗೆ ಎದ್ದುಹೋದಾಗ ನಾನು ಬೇಗ ಬೇಗ 'ಸಿಟ್ಟು' ಎಂದು ಕುಟ್ಟಿದೆ. ಇವರು ಬರಲಿಲ್ಲ. 'ಬೇಸರ' ಹಾಕಿದೆ. ಬರಲಿಲ್ಲ. ಎದೆ ಸ್ವಲ್ಪ ಹಗುರಾಯಿತು. ಪೂರ್ತಿ ಹಗುರಾಗಲಿಲ್ಲ, ಯಾಕೆಂದರೆ ಇವರು ಯಾವುದನ್ನೂ ಅದರ ಹೆಸರು ಹಿಡಿದು ಕರೆದವರಲ್ಲ.

ಮಗಳು ಲೋಟ ತಂದಿಡುವಷ್ಟರಲ್ಲಿ 'ಒಬ್ಬರೇ' ಎಂದು ಹಾಕಿದ್ದೆ. ಆ ತಿಂಗಳೆಲ್ಲ ಈ ಮೇಜಿನ ಮುಂದೆ ಒಬ್ಬರೇ ಇದ್ದರಲ್ಲ, ಎಲ್ಲಾದರೂ ಬಂದಿರಬೇಕು ಎನ್ನಿಸಿತು.

'... ಯಂತ್ರವನ್ನು ಒಬ್ಬರೇ ಎತ್ತಲು ಹೋಗಬೇಡಿ. ಜೊತೆಯವರು ಬರುವವರೆಗೆ ಕಾಯಿರಿ. ಅವರು ಬರುವುದು ತಡವಾದರೆ ...'

ಅಲ್ಲಿಗೆ ಮೂರು ಚುಕ್ಕೆ.

"'ತಡವಾದರೆ' ಅಂತ ಹಾಕು ಅಮ್ಮ. ಮುಂದಿನದು ಬರಬಹುದು," ಎಂದಳು ಮಗಳು. ಹಾಕಿದೆ. ಅದೇ ಎರಡು ಸಾಲು, ಅದೇ ಮೂರು ಚುಕ್ಕೆ. ಮುಂದಕ್ಕೆ ಸರಿಯಬೇಕಾದರೆ ಮುಂದಿನ ಪದ ಗೊತ್ತಿರಬೇಕು. ತಡವಾದರೆ ಏನು ಮಾಡಬೇಕೆಂದು ಇವರು ಬರೆದಿದ್ದಾರೋ ಅದನ್ನು ನಾನೇ ಹೇಳಬೇಕು.

'ಕೂಗಿ' ಹಾಕಿದೆ. 'ಪಕ್ಕದ ಮನೆ' ಹಾಕಿದೆ. 'ಕುಳಿತುಕೊಳ್ಳಿ' ಹಾಕಿದೆ, ಅದಕ್ಕೆ ಓದಿದ ಪುಟದ ಸಾಲೇ ಬಂತು. 'ಟೀ' ಹಾಕಿದೆ, 'ಫೋನ್' ಹಾಕಿದೆ. 'ಬೈಯಬೇಡಿ' ಹಾಕಿದೆ. ನಾಚಿಕೆ ಬಿಟ್ಟು, ಮಗಳ ಎದುರಿಗೇ, 'ಪರವಾಗಿಲ್ಲ' ಎಂದೂ ಹಾಕಿದೆ. ಆ ಪದ ಮಾತ್ರ ಎಲ್ಲಾದರೂ ಇದ್ದಿದ್ದರೆ ಸಾಕಿತ್ತು ನನಗೆ. ಒಂದಕ್ಕೂ ಚುಕ್ಕೆಯ ಆ ಕಡೆಯ ಮಾತು ಬರಲಿಲ್ಲ. ಇವರು ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆಂದು ಬಲ್ಲೆ ಎಂದು ಮೆರೆದವಳು ನಾನು. ಒಂದು ಪದ, ಒಂದೇ ಒಂದು ಪದ ಊಹಿಸಲಾಗಲಿಲ್ಲ.

ಮರುದಿನವೂ ಕೂತೆ, ಅದರ ಮರುದಿನವೂ. ಅಡುಗೆ ಮಾಡುವಾಗ ಪದ ಹೊಳೆದರೆ ಕೈ ಒರೆಸಿಕೊಂಡು ಓಡಿಬರುತ್ತಿದ್ದೆ. ಮೆಟ್ಟಿಲಿನ ಮೇಲೆ ಹೊಳೆದರೆ ಮರೆಯದಂತೆ ಬಾಯಲ್ಲೇ ಹೇಳಿಕೊಳ್ಳುತ್ತಾ ಹತ್ತುತ್ತಿದ್ದೆ. ಪಕ್ಕದವರು ನೋಡಿ ಏನಂದುಕೊಂಡರೋ.

ಒಂದು ಬೆಳಿಗ್ಗೆ ಹಾಕಿದಾಗ ಅಂಗಡಿಯವರು ಬಂದರು, ರಿಪೇರಿಯವರು ಬಂದರು, ಹಲ್ಲುಕಿರುಕನೂ ಬಂದ. ಇವರು ಬರಲಿಲ್ಲ. ಕೆಳಗೆ ಕೆಳಗೆ ಹೋದೆ. ಎರಡನೆಯ ಪುಟ, ಮೂರನೆಯ ಪುಟ. 'ಗೋಡೆ' ಹಾಕಿದೆ, 'ಲೋಟ' ಹಾಕಿದೆ, 'ಒಬ್ಬರೇ' ಹಾಕಿದೆ. ಆ ದೂರದ ನೆಂಟನಿಗೂ ಸುದ್ದಿ ಮುಟ್ಟಿತ್ತು.

ಮಗಳು ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಹೋಯ್ತು ಕಣೇ," ಎಂದೆ.

ಅವಳು ಒಂದು ಕಾಲಿನ ಚಪ್ಪಲಿಯಲ್ಲೇ ಒಳಗೆ ಬಂದು ಪರದೆ ನೋಡಿದಳು. ಆಮೇಲೆ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡಮ್ಮ. ಅಪ್ಪ ಏನು ಬರ್ದಿರ್ತಾರೆ ಅಂತ ನಿಂಗೆ ಗೊತ್ತಿರುತ್ತಲ್ವಾ? ತಡವಾದ್ರೆ ಏನಂತ? ನೀನೇ ಹೇಳು. ನೀನು ಹೇಳಿದ್ದೇ ಅಪ್ಪ ಹೇಳಿದ್ದು ಅಂದ್ಕೊಳ್ಳೋಣ."

ನನ್ನನ್ನು ಸಮಾಧಾನ ಮಾಡಲು ಆಡಿದ ಮಾತು ಅದು. ಹೇಳಿಬಿಡಬಹುದಿತ್ತು. ಕಾಯಿರಿ ಎಂದು ಬರೆದಿದ್ದಾರೆ, ಪರವಾಗಿಲ್ಲ ಎಂದು ಬರೆದಿದ್ದಾರೆ, ಹೀಗೆ ನನಗೆ ಬೇಕಾದ್ದನ್ನು ಇವರ ಬಾಯಿಗೆ ತುರುಕಬಹುದಿತ್ತು. ಇವರು ಇನ್ನೇನು ಕೇಳಿ ಜಗಳವಾಡುತ್ತಿದ್ದರೇ?

"ಗೊತ್ತಿಲ್ಲ," ಎಂದೆ. ಇವರನ್ನು ಕಳಿಸಿಕೊಟ್ಟ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅವತ್ತು ಮನೆ ತುಂಬ ಜನರಿದ್ದರು. "ನಂಗೆ ಗೊತ್ತಿಲ್ಲ ಕಣೇ. ನಾನು ತಡವಾಗಿ ಬಂದೆ. ಬಂದೋಳಿಗೆ ಅವರೇನು ಹೇಳಿದ್ರು ಅಂತ ನಂಗೆ ಗೊತ್ತಿಲ್ಲ."